ಹೂವು ಕುಟುಂಬ ಹೇಳುತ್ತದೆ, ಎಲೆ ಹೆಸರು ಹೇಳುತ್ತದೆ

ಮಕ್ಕಳೇ, ಒಗ್ಗರಣೆಯಲ್ಲಿ ಸಿಡಿಯುವ ಸಾಸಿವೆ ನಿಮಗೆಲ್ಲ ಗೊತ್ತು. ಅದರ ಹೂವನ್ನು ಹತ್ತಿರದಿಂದ ನೋಡಿದ್ದೀರಾ? ಅದರ ನಾಲ್ಕು ದಳಗಳು ಕೂಡಿಸುವ ಚಿಹ್ನೆಯಂತೆ (+) ಜೋಡಣೆಯಾಗಿವೆ. ಒಳಗೆ ಆರು ಕೇಸರಗಳು: ನಾಲ್ಕು ಉದ್ದ, ಎರಡು ಗಿಡ್ಡ. ಇದು ಸಾಸಿವೆ ಕುಟುಂಬದ ಗುರುತು. ಮೂಲಂಗಿ, ಎಲೆಕೋಸು, ಹೂಕೋಸು ಇದೇ ಕುಟುಂಬದವು.

ಉತ್ತರ ಅಮೆರಿಕದ ಪೂರ್ವಭಾಗದ ಕಾಡುಗಳಲ್ಲಿ ಈ ಕುಟುಂಬದ ಒಂದು ಪುಟ್ಟ ಗಿಡವಿದೆ. ಹೆಸರು ಟೂತ್‌ವರ್ಟ್. ಚಳಿಗಾಲದಲ್ಲಿ ಅಲ್ಲಿನ ಮರಗಳು ಎಲೆ ಉದುರಿಸಿ ಬೋಳಾಗುತ್ತವೆ. ವಸಂತದ ಆರಂಭದಲ್ಲಿ, ಮರಗಳು ಚಿಗುರುವ ಮೊದಲು, ಬಿಸಿಲು ನೆಲದವರೆಗೂ ಬೀಳುತ್ತದೆ. ಆ ಕೆಲವೇ ವಾರಗಳಲ್ಲಿ ಈ ಗಿಡ ಹೂ ಬಿಟ್ಟು ಬೀಜ ಕಟ್ಟುತ್ತದೆ. ನೆರಳು ದಟ್ಟವಾದ ಮೇಲೆ ಒಣಗಿ ಮರೆಯಾಗುತ್ತದೆ. ಮಣ್ಣಿನೊಳಗಿನ ಕಾಂಡ ಮಾತ್ರ ಉಳಿದು ಮುಂದಿನ ವಸಂತಕ್ಕೆ ಕಾಯುತ್ತದೆ.

ಅದೇ ಕಾಡಿನಲ್ಲಿ ಗಾರ್ಲಿಕ್ ಮಸ್ಟರ್ಡ್ ಎಂಬ ಗಿಡವೂ ಬೆಳೆಯುತ್ತದೆ. ಅದು ಯುರೋಪಿನಿಂದ ಬಂದದ್ದು. ಅಮೆರಿಕದಲ್ಲಿ 1868ರಲ್ಲಿ ಮೊದಲು ದಾಖಲಾಯಿತು. ಅದರ ಹೂವಿಗೂ ನಾಲ್ಕು ಬಿಳಿ ದಳಗಳು! ಹಾಗಾದರೆ ಬೇರೆ ಬೇರೆ ಎಂದು ಗುರುತಿಸುವುದು ಹೇಗೆ? ಎಲೆ ನೋಡಬೇಕು.

• ಟೂತ್‌ವರ್ಟ್: ಎಲೆ ಬೆರಳುಗಳಂತೆ ಆಳವಾಗಿ ಸೀಳಿರುತ್ತದೆ. ಸಾಮಾನ್ಯವಾಗಿ ಮೂರು ಎಲೆಗಳು ಕಾಂಡದ ಒಂದೇ ಕಡೆಯಿಂದ ಸುತ್ತಲೂ ಹರಡಿರುತ್ತವೆ.
• ಗಾರ್ಲಿಕ್ ಮಸ್ಟರ್ಡ್: ಹೂ ಬಿಡುವ ಗಿಡದ ಎಲೆ ತ್ರಿಕೋನಾಕಾರ, ಅಂಚು ಗರಗಸದಂತೆ. ಒಂದೊಂದಾಗಿ ಕಾಂಡದ ಉದ್ದಕ್ಕೂ ಇರುತ್ತದೆ. ಹಿಸುಕಿದರೆ ಬೆಳ್ಳುಳ್ಳಿ ವಾಸನೆ.

ಈ ವ್ಯತ್ಯಾಸ ತಿಳಿಯದೆ ಮೋಸಹೋಗುವ ಜೀವಿಯೊಂದಿದೆ. ಅದು ವೆಸ್ಟ್ ವರ್ಜೀನಿಯಾ ವೈಟ್ ಎಂಬ ಬಿಳಿ ಚಿಟ್ಟೆ. ಇದರ ಮರಿಹುಳುಗಳ ಆಹಾರ ಟೂತ್‌ವರ್ಟ್ ಎಲೆ. ತಾಯಿ ಚಿಟ್ಟೆ ಸಾಸಿವೆ ಕುಟುಂಬದ ಖಾರದ ರಾಸಾಯನಿಕಗಳ ಸುಳಿವು ಹಿಡಿದು ಮೊಟ್ಟೆ ಇಡುತ್ತದೆ. ಗಾರ್ಲಿಕ್ ಮಸ್ಟರ್ಡ್‌ನಲ್ಲೂ ಅಂಥ ರಾಸಾಯನಿಕಗಳಿರುವುದರಿಂದ ಅದರ ಮೇಲೂ ಇಡುತ್ತದೆ. ಆ ಎಲೆ ತಿಂದ ಮರಿಹುಳುಗಳು ಸಾಯುತ್ತವೆ. ಆದ್ದರಿಂದ ಅಲ್ಲಿ ಸ್ವಯಂಸೇವಕರು ಗಾರ್ಲಿಕ್ ಮಸ್ಟರ್ಡ್ ಕಿತ್ತು ಹಾಕುತ್ತಾರೆ. ಎಲೆ ನೋಡದೆ ಕಿತ್ತರೆ ಏನಾದೀತು, ಯೋಚಿಸಿ.

ಮಾಡಿ ನೋಡಿ: ಕುಂಡದಲ್ಲಿ ಒಂದು ಚಿಟಿಕೆ ಸಾಸಿವೆ ಬಿತ್ತಿ. ಹೂ ಬಿಟ್ಟಾಗ ದಳ, ಕೇಸರಗಳನ್ನು ಎಣಿಸಿ, ಚಿತ್ರ ಬರೆಯಿರಿ. ಮೂಲಂಗಿ ಹೂ ಸಿಕ್ಕರೆ ಹೋಲಿಸಿ. ಎರಡರ ಎಲೆಗಳಲ್ಲಿ ಯಾವ ವ್ಯತ್ಯಾಸ ಕಂಡಿತು?