ವಂತಿಗೆಯಿಂದ ಕಲಾಕೃತಿ: ಕಿಕ್‌ಸ್ಟಾರ್ಟರ್ ವೇದಿಕೆಯ ಸ್ಥಾಪನೆ

ತರಗತಿ: ಪ್ರೌಢಶಾಲೆ
ಅವಧಿ: ಎರಡು

ಕಲಿಕೆಯ ಉದ್ದೇಶಗಳು
1. ಕಲಾಕೃತಿಗಳಿಗೆ ಸಾರ್ವಜನಿಕರಿಂದ ಧನ ಸಂಗ್ರಹಿಸುವ ಪದ್ಧತಿಯನ್ನು ವಿದ್ಯಾರ್ಥಿಗಳು ವಿವರಿಸುವರು.
2. ಈ ಪದ್ಧತಿಯಲ್ಲಿ ವಿಶ್ವಾಸದ ಸ್ಥಾನವೇನೆಂಬುದನ್ನು ವಿವೇಚಿಸುವರು.
3. ಒಂದು ಯೋಜನೆಯ ವೆಚ್ಚವನ್ನು ಪ್ರಾಮಾಣಿಕವಾಗಿ ಅಂದಾಜು ಮಾಡುವರು.

ಪೀಠಿಕೆ
ಊರಿನವರು ವಂತಿಗೆ ಎತ್ತಿ ಬಯಲಾಟ ಆಡಿಸುವುದು ನಮ್ಮಲ್ಲಿ ಹಳೆಯ ರೂಢಿ. ಅನ್ಯದೇಶಗಳಲ್ಲಿಯೂ ಇದಕ್ಕೆ ನಿದರ್ಶನಗಳುಂಟು. 1885ರಲ್ಲಿ ನ್ಯೂಯಾರ್ಕಿನ ಸ್ವಾತಂತ್ರ್ಯದೇವಿಯ ಪ್ರತಿಮೆಗೆ ಪೀಠ ಕಟ್ಟಲು ಹಣ ಸಾಲದೆ ಹೋದಾಗ, ಪತ್ರಿಕೆಯೊಂದರ ಒಡೆಯರಾದ ಜೋಸೆಫ್ ಪುಲಿಟ್ಜರ್ ತಮ್ಮ ಓದುಗರಲ್ಲಿ ಬೇಡಿದರು. ಕೊಟ್ಟವರೆಲ್ಲರ ಹೆಸರನ್ನೂ ಅಚ್ಚು ಹಾಕಿಸುವುದಾಗಿ ಮಾತು ಕೊಟ್ಟರು. ಕೆಲವೇ ತಿಂಗಳಲ್ಲಿ ಒಂದು ಲಕ್ಷ ಡಾಲರಿಗೂ ಮಿಕ್ಕಿ ಹಣ ಕೂಡಿತು. ಅದರಲ್ಲಿ ಬಹುಪಾಲು ಕೊಡುಗೆಗಳು ಒಂದು ಡಾಲರಿಗಿಂತ ಕಡಿಮೆಯವು. ಹನಿ ಕೂಡಿ ಹಳ್ಳವಾಗುವ ಈ ಕ್ರಮಕ್ಕೆ ಅಂತರ್ಜಾಲದ ಕಾಲದಲ್ಲಿ ಹೊಸ ರೂಪ ದೊರೆಯಿತು.

ವಿಷಯ ವಿವರಣೆ
ಪೆರ್ರಿ ಚೆನ್ ಎಂಬ ಯುವಕ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿದ್ದಾಗ, 2002ರ ಸಂಗೀತೋತ್ಸವದ ಸಮಯಕ್ಕೆ ಆಸ್ಟ್ರಿಯಾದ ಇಬ್ಬರು ಸಂಗೀತಗಾರರನ್ನು ಕರೆಸಬೇಕೆಂದು ಬಯಸಿದರು. ಕೇಳುಗರು ಬಾರದಿದ್ದರೆ ನಷ್ಟವೆಲ್ಲ ತಮ್ಮ ಮೇಲೆಯೇ ಬೀಳುವುದೆಂಬ ಕಾರಣದಿಂದ ಆ ಕಛೇರಿ ನಡೆಯಲಿಲ್ಲ. ಕೇಳಬಯಸುವವರು ಮೊದಲೇ ಹಣದ ಭರವಸೆ ಕೊಟ್ಟು, ಸಾಕಷ್ಟು ಮಂದಿ ಸೇರಿದರೆ ಮಾತ್ರ ಕಛೇರಿ ನಡೆಯುವಂತಿದ್ದರೆ ಹೇಗೆ ಎಂಬ ಆಲೋಚನೆ ಅವರಲ್ಲಿ ಮೊಳೆಯಿತು.

ಆಲೋಚನೆ ವೇದಿಕೆಯಾಗಿ ನಿಲ್ಲಲು ಏಳು ವರ್ಷಗಳೇ ಹಿಡಿದವು. ನ್ಯೂಯಾರ್ಕಿಗೆ ಮರಳಿದ ಚೆನ್ ಅವರಿಗೆ ಸಂಗೀತ ಪತ್ರಕರ್ತರಾದ ಯಾನ್ಸಿ ಸ್ಟ್ರಿಕ್ಲರ್ ಮತ್ತು ವಿನ್ಯಾಸಕಾರರಾದ ಚಾರ್ಲ್ಸ್ ಆಡ್ಲರ್ ಜೊತೆಯಾದರು. 2009ರ ಏಪ್ರಿಲ್ 28ರಂದು ಕಿಕ್‌ಸ್ಟಾರ್ಟರ್ ಆರಂಭವಾಯಿತು. ಅಲ್ಲಿ ಮೊತ್ತಮೊದಲು ಗುರಿ ಮುಟ್ಟಿದ್ದು ಚಿತ್ರ ಬರೆದುಕೊಡುವ ಒಂದು ಪುಟ್ಟ ಯೋಜನೆ. ಕೇಳಿದ್ದು 20 ಡಾಲರ್, ಕೂಡಿದ್ದು 35 ಡಾಲರ್. ಇಂಥ ಪ್ರಯತ್ನಗಳಲ್ಲಿ ಇದೇ ಮೊದಲನೆಯದಲ್ಲವೆಂಬುದನ್ನೂ ಶಿಕ್ಷಕರು ತಿಳಿಸಬೇಕು. 2003ರಲ್ಲಿ ಆರ್ಟಿಸ್ಟ್‌ಶೇರ್, 2008ರಲ್ಲಿ ಇಂಡಿಗೋಗೋ ಆಗಲೇ ಕೆಲಸ ತೊಡಗಿದ್ದವು.

ಕಿಕ್‌ಸ್ಟಾರ್ಟರಿನ ನಿಯಮಗಳು ಸರಳ. ಕಲಾವಿದರು ತಮಗೆ ಬೇಕಾದ ಮೊತ್ತವನ್ನೂ ಕೊನೆಯ ದಿನವನ್ನೂ ಮೊದಲೇ ಸಾರಬೇಕು. ಗಡುವಿನೊಳಗೆ ಪೂರ್ಣ ಮೊತ್ತದ ಭರವಸೆ ದೊರೆತರೆ ಮಾತ್ರ ಹಣ ಅವರ ಕೈಸೇರುತ್ತದೆ. ಸ್ವಲ್ಪವೇ ಕಡಿಮೆಯಾದರೂ ಬೆಂಬಲಿಗರಿಂದ ಬಿಡಿಕಾಸನ್ನೂ ಪಡೆಯುವುದಿಲ್ಲ. ಈ ನಿಯಮ ಕಠೋರವೆಂದು ತೋರಬಹುದು. ಆದರೆ ಅರ್ಧ ಹಣದಲ್ಲಿ ಪೂರ್ಣ ಕೆಲಸ ಮಾಡಬೇಕಾದ ಸಂಕಟದಿಂದ ಕಲಾವಿದರನ್ನೂ, ಅರೆಬರೆ ಕೆಲಸಕ್ಕೆ ಹಣ ತೆರುವ ನಷ್ಟದಿಂದ ಬೆಂಬಲಿಗರನ್ನೂ ಇದು ಕಾಪಾಡುತ್ತದೆ. ಗುರಿ ಮುಟ್ಟಿದ ಯೋಜನೆಗಳಿಂದ ಮಾತ್ರ ಸಂಸ್ಥೆ ಶೇಕಡಾ 5ರಷ್ಟು ಶುಲ್ಕ ಪಡೆಯುತ್ತದೆ. ಬೆಂಬಲಿಗರಿಗೆ ಲಾಭದ ಪಾಲು ಇಲ್ಲ. ಪುಸ್ತಕದ ಪ್ರತಿ, ಹಾಡಿನ ಮುದ್ರಿಕೆ ಮುಂತಾದ ಪ್ರತಿಫಲ ಉಂಟು. ಕೃತಿಯ ಒಡೆತನ ಕಲಾವಿದರಲ್ಲಿಯೇ ಉಳಿಯುತ್ತದೆ. 2015ರಲ್ಲಿ ಸಂಸ್ಥೆಯು ಸಾರ್ವಜನಿಕ ಹಿತವನ್ನೂ ತನ್ನ ಕಟ್ಟುಪಾಡಿನಲ್ಲಿ ಸೇರಿಸಿಕೊಂಡು ಕಾನೂನಿನ ರೀತ್ಯಾ ಮರುರೂಪ ಪಡೆಯಿತು.

ಮಿತಿಗಳು
ಹಣ ಕೂಡಿದ ಮಾತ್ರಕ್ಕೆ ಕೃತಿ ಸಿದ್ಧವಾಗುವುದಿಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ಈಥನ್ ಮಾಲಿಕ್ 2015ರಲ್ಲಿ ನಡೆಸಿದ ಅಧ್ಯಯನದಂತೆ, ಗುರಿ ಮುಟ್ಟಿದ ಯೋಜನೆಗಳಲ್ಲಿ ಸುಮಾರು ಶೇಕಡಾ 9ರಷ್ಟು ತಾವು ಮಾತು ಕೊಟ್ಟ ಪ್ರತಿಫಲವನ್ನು ಸಲ್ಲಿಸಲಿಲ್ಲ. ಮೋಸವೊಂದೇ ಇದಕ್ಕೆ ಕಾರಣವಲ್ಲ. ವೆಚ್ಚವನ್ನು ಕಡಿಮೆ ಅಂದಾಜು ಮಾಡುವುದರಿಂದಲೂ ಯೋಜನೆಗಳು ಮುಗ್ಗರಿಸುತ್ತವೆ. ಇದಲ್ಲದೆ, ಪರಿಚಿತರು ಹೆಚ್ಚಿರುವವರಿಗೆ ಹಣ ಬೇಗ ಕೂಡುತ್ತದೆ; ಒಳ್ಳೆಯ ಕಲಾವಿದರಾಗಿದ್ದೂ ಮಾತು ಬಾರದವರು ಹಿಂದುಳಿಯುವರು.

ಕನ್ನಡದ ನಿದರ್ಶನಗಳು
2013ರಲ್ಲಿ ತೆರೆಕಂಡ ‘ಲೂಸಿಯಾ’ ಚಲನಚಿತ್ರಕ್ಕೆ ನಿರ್ದೇಶಕ ಪವನ್ ಕುಮಾರ್ ಪ್ರೇಕ್ಷಕರಿಂದಲೇ ಬಂಡವಾಳ ಕೂಡಿಸಿದರು. ಮಕ್ಕಳೆಲ್ಲರೂ ಬಲ್ಲ ಗೋವಿನ ಹಾಡಿನ ಕಥೆಯನ್ನು ಆಧರಿಸಿ ಬೆಂಗಳೂರಿನ ರವಿಶಂಕರ್ ಅವರು ಸಂಸ್ಕೃತದಲ್ಲಿ ‘ಪುಣ್ಯಕೋಟಿ’ ಎಂಬ ಆ್ಯನಿಮೇಷನ್ ಚಿತ್ರ ನಿರ್ಮಿಸಿದರು. ವಿಶ್‌ಬೆರಿ ಎಂಬ ಭಾರತೀಯ ವೇದಿಕೆಯ ಮೂಲಕ ಅದಕ್ಕೆ 2015ರಲ್ಲಿ ಹಣ ಕೂಡಿತು. ಚಿತ್ರ ನೋಡುಗರಿಗೆ ದೊರೆತದ್ದು 2020ರಲ್ಲಿ. ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಎಷ್ಟು ತಾಳ್ಮೆ ಬೇಕೆಂಬುದನ್ನು ಈ ನಡುವಿನ ಕಾಲವೇ ತೋರಿಸುತ್ತದೆ. ಆ ಪುಣ್ಯಕೋಟಿಯ ಕಥೆಯೂ ಕೊಟ್ಟ ಮಾತನ್ನು ಉಳಿಸಿಕೊಂಡ ಕಥೆಯೇ ಎಂಬುದನ್ನು ತರಗತಿಯಲ್ಲಿ ನೆನಪಿಸಬಹುದು.

ತರಗತಿ ಚಟುವಟಿಕೆ
ಊರಿನ ಹಿರಿಯರು ಹೇಳುವ ಕನ್ನಡ ಕಥೆಗಳನ್ನು ಸಂಗ್ರಹಿಸಿ 200 ಪ್ರತಿ ಅಚ್ಚು ಹಾಕಿಸಬೇಕೆಂದು ಭಾವಿಸಿರಿ. ಅಚ್ಚಿಗೆ 18,000, ಚಿತ್ರಗಳಿಗೆ 3,000, ಅಂಚೆಗೆ 2,000 ರೂಪಾಯಿ; ಒಟ್ಟು 23,000. ವೇದಿಕೆಯ ಶುಲ್ಕ ಶೇಕಡಾ 5, ಹಣ ಪಾವತಿಯ ವೆಚ್ಚ ಶೇಕಡಾ 3 ಎಂದಿಟ್ಟುಕೊಂಡರೆ ಗುರಿ ಎಷ್ಟಿರಬೇಕು? ಹಲವರು 23,000ಕ್ಕೆ ಅದರ ಶೇಕಡಾ 8ನ್ನು ಕೂಡಿಸಿ 24,840 ಎನ್ನುವರು, ಅದು ಸಾಲದು. ಶುಲ್ಕ ಕಡಿತವಾಗುವುದು ಒಟ್ಟು ಮೊತ್ತದಿಂದ. ಆದುದರಿಂದ 23,000ವನ್ನು 0.92ರಿಂದ ಭಾಗಿಸಬೇಕು, ಸರಿಯುತ್ತರ 25,000. ಈ ಅಭ್ಯಾಸವು ಕಾಗದದ ಮೇಲಷ್ಟೇ ನಡೆಯತಕ್ಕದ್ದು. ಮಕ್ಕಳಿಂದ ಹಣ ಸಂಗ್ರಹಿಸಬಾರದು.

ಬಳಿಕ ಪ್ರತಿ ಗುಂಪೂ ಹತ್ತು ವಾಕ್ಯಗಳ ಮನವಿಯೊಂದನ್ನು ಬರೆಯಲಿ. ಏನು ಮಾಡಲಿದ್ದೇವೆ, ಏಕೆ, ಎಷ್ಟು ವೆಚ್ಚ, ಯಾವಾಗ ಮುಗಿಯುವುದು, ಏನು ತಪ್ಪಬಹುದು ಎಂಬ ಐದೂ ಅಂಶಗಳು ಅದರಲ್ಲಿರಬೇಕು. ಐದನೆಯದನ್ನು ಮರೆಮಾಚದೆ ಬರೆದ ಗುಂಪನ್ನು ಶಿಕ್ಷಕರು ವಿಶೇಷವಾಗಿ ಮೆಚ್ಚಬೇಕು.

ಮೌಲ್ಯಮಾಪನ
1. ‘ಪೂರ್ಣ ಮೊತ್ತ, ಇಲ್ಲವೇ ಏನೂ ಇಲ್ಲ’ ಎಂಬ ನಿಯಮದಿಂದ ಇಬ್ಬರಿಗೂ ಆಗುವ ಪ್ರಯೋಜನವೇನು?
2. ಗಡುವಿನ ದಿನ 24,000 ರೂಪಾಯಿ ಮಾತ್ರ ಕೂಡಿದ್ದರೆ ಮೇಲಿನ ಯೋಜನೆ ಏನಾಗುವುದು?
3. ದಾನಕ್ಕೂ ಬಂಡವಾಳಕ್ಕೂ ಈ ಪದ್ಧತಿಗೂ ಇರುವ ಭೇದವನ್ನು ತಿಳಿಸಿರಿ.

ಶಿಕ್ಷಕರ ಗಮನಕ್ಕೆ
ಗಡಿಯಾಚೆಯ ಕನ್ನಡ ಪ್ರದೇಶಗಳಲ್ಲಿ ಓದುಗರ ಸಂಖ್ಯೆ ಕಿರಿದು. ಸಾವಿರಾರು ಪ್ರತಿ ಮಾರಾಟವಾಗದ ಪುಸ್ತಕವನ್ನು ಪೇಟೆಯ ಪ್ರಕಾಶಕರು ಕೈಗೆತ್ತಿಕೊಳ್ಳುವುದು ವಿರಳ. ಇನ್ನೂರು ಓದುಗರು ಸಾಕೆಂಬ ಈ ಕ್ರಮವು ಅಂಥಲ್ಲಿ ಬರಿಯ ವ್ಯಾಪಾರ ತಂತ್ರವಲ್ಲ. ಯಾವ ಮಾತು ಅಚ್ಚಾಗಬೇಕು, ಯಾವುದು ಹೇಳುವವರೊಡನೆಯೇ ಮುಗಿಯಬೇಕು ಎಂಬ ತೀರ್ಮಾನದಲ್ಲಿ ಆಡುವವರಿಗೇ ಅದು ಒಂದು ಪಾಲು ಕೊಡುತ್ತದೆ.