ಉಬ್ಬಸದ ಮಗು: ಚೆನ್ನಾಗಿರುವ ದಿನವೂ ಔಷಧಿ ಬೇಕು

ಮಳೆಗಾಲ ಹಿಡಿದುಕೊಂಡಿತೆಂದರೆ ಮಕ್ಕಳ ಡಾಕ್ಟರ ಮುಂದೆ ಕೇಳಿಬರುವ ಮಾತು ಹೆಚ್ಚುಕಡಿಮೆ ಒಂದೇ. ‘ಹಗಲೆಲ್ಲ ಆಡ್ಕೊಂಡು ಚೆನ್ನಾಗೇ ಇರ್ತಾನೆ ಡಾಕ್ಟ್ರೇ, ರಾತ್ರಿ ಕೆಮ್ಮು ಶುರುವಾದ್ರೆ ಬೆಳಗಿನವರೆಗೂ ಬಿಡಲ್ಲ.’ ಕೆಮ್ಮಿನ ಸಿರಪ್, ಆ್ಯಂಟಿಬಯಾಟಿಕ್, ಮತ್ತೆ ಸಿರಪ್ ಎಂದು ತಿಂಗಳುಗಟ್ಟಲೆ ಸುತ್ತಿದ ಮೇಲೆ ಒಬ್ಬ ವೈದ್ಯರು ‘ಇದು ಅಸ್ತಮಾ, ಇನ್‌ಹೇಲರ್ ಶುರುಮಾಡೋಣ’ ಎನ್ನುತ್ತಾರೆ. ಮನೆಯವರ ಮುಖ ಬಾಡುವುದು ಆಗಲೇ. ನಮ್ಮಲ್ಲಿ ಕಾಯಿಲೆಗಿಂತ ಇನ್‌ಹೇಲರ್ ಕಂಡರೇ ಹೆಚ್ಚು ಭಯ.

ಈ ಕಾಯಿಲೆ ಅಪರೂಪದ್ದಲ್ಲ. ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಬೆಂಗಳೂರಿನಲ್ಲಿ ಆಸ್ಪತ್ರೆಗೆ ಬಂದ ಮಕ್ಕಳನ್ನು ಐದು ವರ್ಷಕ್ಕೊಮ್ಮೆ ಲೆಕ್ಕಹಾಕುತ್ತ ಹೋದರು. 1979ರಲ್ಲಿ ಶೇ 9ರಷ್ಟು ಮಕ್ಕಳಲ್ಲಿದ್ದ ಅಸ್ತಮಾ 1999ರಲ್ಲಿ ಶೇ 29.5ರಷ್ಟು ಮಕ್ಕಳಲ್ಲಿ ಕಂಡಿತು. ಇದು ಆಸ್ಪತ್ರೆಗೆ ಬಂದವರ ಲೆಕ್ಕವೇ ಹೊರತು ಊರಿನ ಎಲ್ಲ ಮಕ್ಕಳದ್ದಲ್ಲ, ನಿಜ. ಆದರೂ ಇಪ್ಪತ್ತು ವರ್ಷದಲ್ಲಿ ಮೂರು ಪಟ್ಟು ಏರಿದ್ದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಮೊದಲು ಗಮನಿಸಿ, ವಿಡಿಯೊ ಮಾಡಿ

ಐದು ವರ್ಷದೊಳಗಿನ ಮಗುವಿಗೆ ಯಂತ್ರಕ್ಕೆ ಜೋರಾಗಿ ಊದುವ ಪರೀಕ್ಷೆ ಮಾಡಿಸುವುದು ಕಷ್ಟ. ಹೀಗಾಗಿ ವೈದ್ಯರು ನೆಚ್ಚಿಕೊಳ್ಳುವುದು ನೀವು ಹೇಳುವ ವಿವರವನ್ನೇ. ಕೆಮ್ಮು ರಾತ್ರಿ ಹೆಚ್ಚೇ? ಶೀತವಿಲ್ಲದಿದ್ದರೂ ನಕ್ಕಾಗ, ಅತ್ತಾಗ, ಓಡಿದಾಗ ಬರುತ್ತದೆಯೇ? ಮಗುವಿಗೆ ಇಸುಬು ಇದೆಯೇ? ಅಪ್ಪ, ಅಮ್ಮ, ಅಜ್ಜ, ಅಜ್ಜಿಯಲ್ಲಿ ಯಾರಿಗಾದರೂ ಉಬ್ಬಸವಿತ್ತೇ? ಇವನ್ನು ಬರೆದಿಟ್ಟುಕೊಂಡು ಹೋಗಿ. ರಾತ್ರಿ ಉಸಿರು ಏರಿದಾಗ ಅಂಗಿ ಬಿಚ್ಚಿ, ದೀಪ ಹಾಕಿ, ಎದೆ ಮತ್ತು ಹೊಟ್ಟೆ ಕಾಣುವಂತೆ ಅರ್ಧ ನಿಮಿಷ ಮೊಬೈಲಿನಲ್ಲಿ ಚಿತ್ರೀಕರಿಸಿ. ಬೆಳಗ್ಗೆ ಕ್ಲಿನಿಕ್ಕಿಗೆ ಹೋಗುವಷ್ಟರಲ್ಲಿ ಮಗು ಸರಿಹೋಗಿರುತ್ತದೆ. ವೈದ್ಯರಿಗೆ ಆ ಅರ್ಧ ನಿಮಿಷವೇ ಬೇಕಾಗಿರುವುದು.

ಸುಯ್‌ಗುಟ್ಟಿದ್ದೆಲ್ಲ ಅಸ್ತಮಾ ಅಲ್ಲ. ಶೀತವಾದಾಗ ಮಾತ್ರ ಉಬ್ಬಸ ಬರುವ ಎಷ್ಟೋ ಮಕ್ಕಳಿಗೆ ಆರು ವರ್ಷದ ಹೊತ್ತಿಗೆ ಅದು ನಿಂತೇಹೋಗುತ್ತದೆ. ಇನ್ನೊಂದು ಎಚ್ಚರಿಕೆ: ನೆಗಡಿ ಏನೂ ಇಲ್ಲದೆ, ಶೇಂಗಾ ಬೀಜವನ್ನೋ ಹುರಿಗಡಲೆಯನ್ನೋ ತಿನ್ನುತ್ತಿದ್ದಾಗ ಇದ್ದಕ್ಕಿದ್ದಂತೆ ಕೆಮ್ಮು, ಉಬ್ಬಸ ಶುರುವಾದರೆ ಕಾಳು ಶ್ವಾಸನಾಳಕ್ಕೆ ಹೋಗಿರಬಹುದು. ತಡಮಾಡದೆ ಆಸ್ಪತ್ರೆಗೆ ಓಡಿ.

ಎರಡು ಔಷಧಿ, ಎರಡು ಕೆಲಸ

ಅಸ್ತಮಾ ಇರುವ ಮಗುವಿನ ಶ್ವಾಸನಾಳದ ಒಳಗೋಡೆ ಸದಾ ಸ್ವಲ್ಪ ಊದಿಕೊಂಡೇ ಇರುತ್ತದೆ. ಶೀತ, ಹೊಗೆ, ದೂಳು ತಾಗಿದೊಡನೆ ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಗೆ ಕಫ ತುಂಬುತ್ತದೆ. ಸಾಲ್‌ಬ್ಯುಟಮಾಲ್ ಇರುವ, ಸಾಮಾನ್ಯವಾಗಿ ನೀಲಿ ಬಣ್ಣದ ಇನ್‌ಹೇಲರ್ ಆ ಬಿಗಿತವನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ. ಆದರೆ ಊತವನ್ನು ಅದು ಮುಟ್ಟುವುದಿಲ್ಲ. ಊತ ಇಳಿಸುವುದು ಬುಡೆಸೊನೈಡ್, ಫ್ಲುಟಿಕಾಸೋನ್‌ನಂಥ ಸ್ಟೀರಾಯ್ಡ್ ಇನ್‌ಹೇಲರ್. ಇದು ನಿಧಾನಿ, ದಿನ, ವಾರಗಳ ಮೇಲೆ ಕೆಲಸ ಕಾಣುತ್ತದೆ. ವೈದ್ಯರು ಇದನ್ನು ದಿನವೂ ಕೊಡಿ ಎಂದಿದ್ದರೆ ಮಗು ಚೆನ್ನಾಗಿರುವ ದಿನವೂ ಕೊಡಲೇಬೇಕು.

ನಮ್ಮ ಮನೆಗಳಲ್ಲಿ ತಪ್ಪುವುದು ಇಲ್ಲಿಯೇ. ಎರಡು ವಾರ ಕೆಮ್ಮಿಲ್ಲ ಎಂದೊಡನೆ ‘ಯಾಕೆ ಸುಮ್ನೆ ಸ್ಟೀರಾಯ್ಡು’ ಎಂದು ಡಬ್ಬಿ ಕಪಾಟು ಸೇರುತ್ತದೆ. ಮುಂದಿನ ಶೀತಕ್ಕೆ ಮತ್ತೆ ನೆಬ್ಯುಲೈಸರ್, ಮತ್ತೆ ಅಡ್ಮಿಟ್. ಔಷಧಿಯಿಂದಲೇ ಕೆಮ್ಮು ನಿಂತಿದೆ ಎನ್ನುವುದು ಮನಸ್ಸಿಗೆ ಬರುವುದೇ ಇಲ್ಲ. ಸುಮಾರು ಮೂರು ತಿಂಗಳು ಸ್ಥಿರವಾಗಿದ್ದರೆ ವೈದ್ಯರೇ ಪ್ರಮಾಣ ಇಳಿಸುವ ಯೋಚನೆ ಮಾಡುತ್ತಾರೆ. ಅದು ಅವರಿಗೆ ಬಿಟ್ಟ ತೀರ್ಮಾನ.

ಭಯಕ್ಕೆ ಲೆಕ್ಕವೇ ಉತ್ತರ. ಸಾಲ್‌ಬ್ಯುಟಮಾಲ್ ಸಿರಪ್ಪಿನ ಒಂದು ಟೀ ಚಮಚದಲ್ಲಿ 2 ಮಿಲಿಗ್ರಾಂ ಔಷಧಿ ಇದ್ದರೆ, ಇನ್‌ಹೇಲರಿನ ಒಂದು ಪಫ್‌ನಲ್ಲಿ ಇರುವುದು 100 ಮೈಕ್ರೊಗ್ರಾಂ, ಅಂದರೆ ಇಪ್ಪತ್ತರಲ್ಲಿ ಒಂದು ಪಾಲು. ಅದೂ ರಕ್ತದ ದಾರಿ ಹಿಡಿಯದೆ ನೇರವಾಗಿ ಶ್ವಾಸನಾಳಕ್ಕೆ ಹೋಗುತ್ತದೆ. ಸ್ಟೀರಾಯ್ಡ್ ಇನ್‌ಹೇಲರಿನಿಂದ ಎತ್ತರದಲ್ಲಿ ಸುಮಾರು ಒಂದು ಸೆಂಟಿಮೀಟರಿನಷ್ಟು ಕಡಿಮೆಯಾಗಬಹುದು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಹತೋಟಿಯಿಲ್ಲದ ಅಸ್ತಮಾ ಮಗುವಿನ ನಿದ್ದೆ, ಊಟ, ಆಟ, ಬೆಳವಣಿಗೆ ಎಲ್ಲವನ್ನೂ ಕಸಿಯುತ್ತದೆ. ಇನ್‌ಹೇಲರ್ ಚಟವಾಗುತ್ತದೆ ಎಂಬ ಮಾತಿನಲ್ಲಿ ಹುರುಳಿಲ್ಲ.

ಸ್ಪೇಸರ್ ಹಿಡಿಯುವ ಬಗೆ

ಪುಟ್ಟ ಮಗುವಿನ ಬಾಯಿಗೆ ಬರೀ ಇನ್‌ಹೇಲರ್ ಇಟ್ಟು ಒತ್ತಿದರೆ ಔಷಧಿಯ ಬಹುಪಾಲು ನಾಲಿಗೆ, ಗಂಟಲಿಗೇ ಅಂಟುತ್ತದೆ. ಸ್ಪೇಸರ್ ಎಂಬ ಕೊಳವೆ ಬೇಕೇ ಬೇಕು. ಮೂರು ವರ್ಷದವರೆಗೆ ಮುಖಕ್ಕೆ ಮಾಸ್ಕ್ ಇರುವಂಥದ್ದು; ಬಾಯಲ್ಲಿ ಕಚ್ಚಿಕೊಂಡು ಉಸಿರಾಡಲು ಕಲಿತ ಮೇಲೆ ಮಾಸ್ಕ್ ತೆಗೆಯಬಹುದು.

ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿ, ಬೆನ್ನು ನಿಮ್ಮ ಎದೆಗೆ ಒರಗಿರಲಿ. ಇನ್‌ಹೇಲರನ್ನು ಚೆನ್ನಾಗಿ ಕುಲುಕಿ ಸ್ಪೇಸರಿಗೆ ಸಿಕ್ಕಿಸಿ. ಮಾಸ್ಕ್ ಮೂಗು, ಬಾಯಿ ಎರಡನ್ನೂ ಮುಚ್ಚಿ ಕೆನ್ನೆಗೆ ಸಂದಿಲ್ಲದಂತೆ ಕೂರಬೇಕು. ಸಂದು ಬಿಟ್ಟರೆ ಔಷಧಿ ಗಾಳಿಪಾಲು. ಒಂದೇ ಪಫ್ ಒತ್ತಿ. ಸ್ಪೇಸರಿನ ಪುಟ್ಟ ಕವಾಟ ಮಗು ಉಸಿರಾಡಿದಂತೆ ಅಲುಗುವುದು ಕಾಣುತ್ತದೆ, ಅದನ್ನೇ ನೋಡುತ್ತ ಐದರಿಂದ ಹತ್ತು ಉಸಿರು ಎಣಿಸಿ. ಇನ್ನೊಂದು ಪಫ್ ಬೇಕಿದ್ದರೆ ಅರ್ಧ ನಿಮಿಷ ಬಿಟ್ಟು, ಮತ್ತೆ ಕುಲುಕಿಯೇ ಒತ್ತಿ. ಎರಡು ಪಫ್ ಒಟ್ಟಿಗೆ ಬೇಡ.

ಅಳುವ ಮಗುವಿನ ಶ್ವಾಸಕೋಶಕ್ಕೆ ಔಷಧಿ ತೀರಾ ಕಡಿಮೆ ಇಳಿಯುತ್ತದೆ. ಬಲವಂತದ ಬದಲು ಕೆಲವು ದಿನ ಖಾಲಿ ಮಾಸ್ಕನ್ನೇ ಆಟಕ್ಕೆ ಕೊಡಿ. ಮೊದಲು ಗೊಂಬೆಗೆ, ಆಮೇಲೆ ಅಪ್ಪನಿಗೆ, ಆಮೇಲೆ ತನಗೆ. ಸ್ಟೀರಾಯ್ಡ್ ಇನ್‌ಹೇಲರನ್ನು ಹಲ್ಲುಜ್ಜುವ ಬ್ರಷ್ಷಿನ ಪಕ್ಕದಲ್ಲೇ ಇಟ್ಟು, ಉಜ್ಜುವ ಮುಂಚೆ ಕೊಡಿ. ಮರೆಯುವುದೂ ತಪ್ಪುತ್ತದೆ, ಬಾಯಿ ಮುಕ್ಕಳಿಸಿದಂತೆಯೂ ಆಗುತ್ತದೆ. ಮುಕ್ಕಳಿಸದಿದ್ದರೆ ಬಾಯೊಳಗೆ ಬಿಳಿ ಪದರದ ಸೋಂಕು ಕಾಣಿಸಿಕೊಳ್ಳಬಹುದು. ಮಾಸ್ಕ್ ತಾಗಿದ ಮುಖವನ್ನೂ ಒದ್ದೆ ಬಟ್ಟೆಯಿಂದ ಒರೆಸಿ. ವಾರಕ್ಕೊಮ್ಮೆ ಸ್ಪೇಸರನ್ನು ಸೋಪಿನ ಬೆಚ್ಚನೆ ನೀರಿನಲ್ಲಿ ತೊಳೆದು ತಾನಾಗಿ ಒಣಗಲು ಬಿಡಿ. ಒಳಗೆ ಬಟ್ಟೆ ಹಾಕಿ ಉಜ್ಜಿದರೆ ಪ್ಲಾಸ್ಟಿಕ್ಕಿಗೆ ಔಷಧಿ ಅಂಟಿಕೊಳ್ಳುತ್ತದೆ.

ಮನೆಯೊಳಗಿನ ಹೊಗೆ

ಪುಟ್ಟ ಮಕ್ಕಳಲ್ಲಿ ಉಬ್ಬಸ ಎಬ್ಬಿಸುವುದು ಹೆಚ್ಚಾಗಿ ವೈರಸ್ಸಿನ ಶೀತ. ಅದನ್ನು ಪೂರ್ತಿ ತಡೆಯಲಾಗದು. ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಬಹುದು. ನಮ್ಮ ಕೈಯಲ್ಲೇ ಇರುವುದು ಹೊಗೆ. ಎಣ್ಣೆಸ್ನಾನದ ನಂತರ ಸಾಂಬ್ರಾಣಿ ಹಿಡಿಯುವುದು, ದೇವರ ಮನೆಯ ಊದುಬತ್ತಿ, ಹಂಡೆ ಒಲೆ, ಅಂಗಳದ ಬೀಡಿ ಎಲ್ಲವೂ ಈ ಮಗುವಿನ ಪಾಲಿಗೆ ಒಂದೇ. ಒಂದು ಸೊಳ್ಳೆ ಕಾಯಿಲ್ ಉರಿದು ಮುಗಿಯುವಷ್ಟರಲ್ಲಿ 75ರಿಂದ 137 ಸಿಗರೇಟುಗಳಷ್ಟು ಸೂಕ್ಷ್ಮ ಕಣ ಬಿಡುತ್ತದೆ ಎಂದು 2003ರ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಸೊಳ್ಳೆಪರದೆ ಕಟ್ಟಿ. ಅಜ್ಜಿಗೆ ಸಾಂಬ್ರಾಣಿ ಬಿಡಿಸುವುದು ಸುಲಭವಲ್ಲ. ಡಾಕ್ಟರ ಬಳಿಗೆ ಅವರನ್ನೂ ಒಮ್ಮೆ ಕರೆದುಕೊಂಡು ಹೋಗಿ.

ಕೌದಿ, ದಿಂಬಿನ ಚೀಲಗಳನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಿ. ಹಬ್ಬಕ್ಕೆ ಅಟ್ಟ ಇಳಿಸಿ ದೂಳು ಹೊಡೆಯುವಾಗ, ಸುಣ್ಣಬಣ್ಣ ಬಳಿಸುವಾಗ ಮಗು ಬೇರೆ ಮನೆಯಲ್ಲಿರಲಿ. ಮಲೆನಾಡು, ಕರಾವಳಿಯ ಗೋಡೆಗಳಿಗೆ ಹಿಡಿಯುವ ಬೂಷ್ಟನ್ನೂ ಗಮನಿಸಿ. ಬಾಳೆಹಣ್ಣು, ಮೊಸರನ್ನು ಅಲರ್ಜಿ ಖಚಿತವಾಗದೆ ನಿಲ್ಲಿಸಬೇಡಿ. ಓಟ, ಆಟವನ್ನಂತೂ ನಿಲ್ಲಿಸಲೇಬೇಡಿ.

ಮೃಗಶಿರಾ ಮಳೆ ಕೂಡುವ ದಿನ ಹೈದರಾಬಾದಿಗೆ ಮೀನಿನ ಪ್ರಸಾದಕ್ಕೆ ನಮ್ಮ ಕಡೆಯಿಂದಲೂ ಹೋಗುವವರಿದ್ದಾರೆ. ಅದರಿಂದ ಅಸ್ತಮಾ ವಾಸಿಯಾಗುತ್ತದೆ ಎಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಉಸಿರಿನ ತೊಂದರೆ ಇರುವ ಮಗುವಿನ ಗಂಟಲಿಗೆ ಜೀವಂತ ಮೀನು ಇಳಿಸುವುದು ಅಪಾಯ. ಆ ನಂಬಿಕೆಯಲ್ಲಿ ದಿನದ ಔಷಧಿ ಬಿಡುವುದು ಇನ್ನೂ ದೊಡ್ಡ ಅಪಾಯ.

ಉಬ್ಬಸ ಏರಿದಾಗ

ಮಗುವನ್ನು ಮಲಗಿಸಬೇಡಿ, ಕೂರಿಸಿ. ನೀಲಿ ಇನ್‌ಹೇಲರನ್ನು ಸ್ಪೇಸರಿನಲ್ಲಿ ಒಂದೊಂದೇ ಪಫ್‌ನಂತೆ ಕೊಡಿ. ಸಾಮಾನ್ಯವಾಗಿ ಎರಡು ಪಫ್, ಇಪ್ಪತ್ತು ನಿಮಿಷದಲ್ಲಿ ಇಳಿಯದಿದ್ದರೆ ಮತ್ತೆ ಎರಡು. ನಿಮ್ಮ ವೈದ್ಯರು ಬೇರೆ ಲೆಕ್ಕ ಬರೆದುಕೊಟ್ಟಿದ್ದರೆ ಅದೇ ಅಂತಿಮ. ಎರಡನೇ ಸಲಕ್ಕೂ ಇಳಿಯದಿದ್ದರೆ ಆಸ್ಪತ್ರೆಗೆ ಹೊರಡಿ, ದಾರಿಯಲ್ಲೂ ಔಷಧಿ ಮುಂದುವರಿಸಿ.

ಉಸಿರೆಳೆದಾಗ ಪಕ್ಕೆಲುಬಿನ ಸಂದು, ಕತ್ತಿನ ಕುಳಿ ಒಳಗೆ ಸೇದಿಕೊಳ್ಳುತ್ತಿದ್ದರೆ, ಮಾತಾಡಲು ಅಥವಾ ಹಾಲು ಕುಡಿಯಲು ಆಗದಿದ್ದರೆ, ತುಟಿ ನೀಲಿಗಟ್ಟಿದರೆ, ಮಗು ಮಂಕಾಗಿ ತೂಕಡಿಸಿದರೆ ಇಪ್ಪತ್ತು ನಿಮಿಷ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಉಸಿರಿಗೆ ಒದ್ದಾಡುತ್ತಿದ್ದ ಮಗುವಿನ ಸುಯ್ ಸದ್ದು ಇದ್ದಕ್ಕಿದ್ದಂತೆ ನಿಂತರೆ ಸಮಾಧಾನಪಡಬೇಡಿ. ಗಾಳಿ ಓಡಾಟವೇ ನಿಂತುಹೋಗುತ್ತಿರಬಹುದು.

ಈ ವಿವರವನ್ನು ವೈದ್ಯರಿಂದ ಒಂದು ಹಾಳೆಯಲ್ಲಿ ಬರೆಸಿಕೊಂಡು ಒಂದು ಪ್ರತಿ ಫ್ರಿಜ್ಜಿಗೆ ಅಂಟಿಸಿ, ಇನ್ನೊಂದನ್ನು ಅಂಗನವಾಡಿ ಅಥವಾ ಶಾಲೆಯ ಟೀಚರ್ ಕೈಗೆ ಕೊಡಿ. ಹೆಸರು ಬರೆದ ಇನ್‌ಹೇಲರ್, ಸ್ಪೇಸರ್ ಶಾಲೆಯಲ್ಲೂ ಇರಲಿ, ಬೀಗ ಹಾಕಿದ ಬೀರುವಿನಲ್ಲಿ ಬೇಡ. ವಾರಕ್ಕೆ ಒಂದಕ್ಕಿಂತ ಹೆಚ್ಚು ಸಲ ನೀಲಿ ಇನ್‌ಹೇಲರ್ ಬೇಕಾಗುತ್ತಿದ್ದರೆ ಅಥವಾ ಕೆಮ್ಮಿನಿಂದ ರಾತ್ರಿ ಎಚ್ಚರವಾಗುತ್ತಿದ್ದರೆ ಅಸ್ತಮಾ ಹತೋಟಿಯಲ್ಲಿಲ್ಲ ಎಂದೇ ತಿಳಿದು ವೈದ್ಯರನ್ನು ಕಾಣಿ.

ಇಂದೇ ಮಾಡಬಹುದಾದ ಒಂದು ಕೆಲಸವಿದೆ. ಮನೆಯ ಇನ್‌ಹೇಲರ್ ತೆಗೆದು ಉಳಿದ ಪಫ್ ಎಷ್ಟೆಂದು ತೋರಿಸುವ ಅದರ ಕೌಂಟರ್ ನೋಡಿ. ಕೌಂಟರ್ ಇಲ್ಲದಿದ್ದರೆ ಲೆಕ್ಕ ಹಾಕಿ: 200 ಪಫ್‌ನ ಡಬ್ಬಿ, ದಿನಕ್ಕೆ ನಾಲ್ಕು ಪಫ್ ಎಂದರೆ 50 ದಿನಕ್ಕೆ ಔಷಧಿ ಮುಗಿಯುತ್ತದೆ. ಆಮೇಲೂ ಒತ್ತಿದರೆ ಬುಸ್ ಎನ್ನುತ್ತದೆ, ಬರುವುದು ಬರೀ ಗಾಳಿ. ಶುರುಮಾಡಿದ ತಾರೀಖನ್ನು ಡಬ್ಬಿಯ ಮೇಲೆ ಪೆನ್ನಿನಲ್ಲಿ ಬರೆಯಿರಿ, ಮುಗಿಯುವ ವಾರಕ್ಕೆ ಮುಂಚೆಯೇ ಹೊಸದು ತಂದಿಡಿ.