ಕೀಲು ಬಾಗದೇಕೆ?

ಮಕ್ಕಳೇ, ನಿಮ್ಮ ತರಗತಿಯ ಬಾಗಿಲನ್ನು ಒಮ್ಮೆ ಗಮನಿಸಿ. ಬಾಗಿಲು ಚೌಕಟ್ಟಿಗೆ ಸೇರುವಲ್ಲಿ ಬಿಜಾಗರಿ ಇದೆಯಲ್ಲವೇ? ನಮ್ಮ ದೇಹದಲ್ಲೂ ಅಂಥ ಏರ್ಪಾಡಿದೆ. ಎರಡು ಮೂಳೆಗಳು ಸೇರುವ ಜಾಗವೇ ಕೀಲು. ಮೊಣಕೈಯದು ಬಿಜಾಗರಿಯಂಥ ಕೀಲು. ಭುಜದ್ದು ಬಟ್ಟಲಲ್ಲಿ ಚೆಂಡು ಕೂತಂಥ ಕೀಲು. ಅದು ಎಲ್ಲ ಕಡೆಗೂ ತಿರುಗುತ್ತದೆ.

ಇಂಥ ಕೀಲಿನಲ್ಲಿ ಮೂಳೆಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ನಡುವೆ ಜಾರುವ ದ್ರವವಿರುತ್ತದೆ. ಮೂಳೆಗಳನ್ನು ಅಸ್ಥಿರಜ್ಜುಗಳು ಬಿಗಿದು ಹಿಡಿದಿರುತ್ತವೆ. ಸ್ನಾಯುಗಳು ಮೂಳೆಯನ್ನು ಎಳೆಯುತ್ತವೆ. ಎಳೆಯಬೇಕೆಂಬ ಆಜ್ಞೆಯನ್ನು ಮಿದುಳಿನಿಂದ ನರಗಳು ತರುತ್ತವೆ.

ಚಲನೆ ಕಡಿಮೆಯಾಗಲು ಕಾರಣಗಳು

ಬಾಗಿಲು ತೆರೆಯದಿದ್ದರೆ ಬಿಜಾಗರಿಗೆ ತುಕ್ಕು ಹಿಡಿದಿರಬಹುದು, ಬಾಗಿಲನ್ನು ಹಗ್ಗದಿಂದ ಕಟ್ಟಿರಬಹುದು, ಇಲ್ಲವೇ ತಳ್ಳುವವರಿಗೆ ಬಲ ಸಾಲದಿರಬಹುದು. ಕೀಲಿಗೂ ಹೀಗೆಯೇ.

1. ಕೀಲೇ ಕೆಟ್ಟಿರಬಹುದು. ಸಂಧಿವಾತದಲ್ಲಿ ಮೃದ್ವಸ್ಥಿ ಹಾಳಾಗಿ ಕೀಲು ಪೆಡಸಾಗುತ್ತದೆ.

2. ಸುತ್ತಲಿನ ಭಾಗಗಳು ಬಿಗಿದಿರಬಹುದು. ಕೈ ಮುರಿದು ಹಲವು ವಾರ ಪ್ಲಾಸ್ಟರ್ ಹಾಕಿದ್ದರೆ, ಬಿಚ್ಚಿದ ಮೇಲೆ ಮೊಣಕೈ ಸಲೀಸಾಗಿ ಮಡಚುವುದಿಲ್ಲ. ಬಳಕೆಯಿಲ್ಲದೆ ಸ್ನಾಯುಗಳೂ ಕೀಲಿನ ಚೀಲವೂ ಬಿಗಿದುಕೊಂಡಿರುತ್ತವೆ.

3. ಎಳೆಯುವ ಬಲವಿರದಿರಬಹುದು. ಪೋಲಿಯೊ ನರಗಳನ್ನು ಕೆಡಿಸಿ ಸ್ನಾಯುವನ್ನು ಸೋಲಿಸುತ್ತದೆ. ಭಾರತ 2014ರಲ್ಲಿ ಪೋಲಿಯೊಮುಕ್ತವೆಂಬ ಪ್ರಮಾಣಪತ್ರ ಪಡೆಯಿತು.

4. ನೋವು ತಡೆಯುತ್ತಿರಬಹುದು. ಉಳುಕಿದ ಕಾಲನ್ನು ನಾವು ಅಲುಗಿಸುವುದೇ ಇಲ್ಲ.

ರೋಗಿ ತಾನಾಗಿ ಕೈ ಎತ್ತಲಾಗದಿದ್ದಾಗ ವೈದ್ಯರು ಮೆಲ್ಲಗೆ ಎತ್ತಿ ನೋಡುತ್ತಾರೆ. ಅವರು ಎತ್ತಿದಾಗ ಸಲೀಸಾಗಿ ಎದ್ದರೆ ತೊಂದರೆ ಸ್ನಾಯು ಅಥವಾ ನರದಲ್ಲಿರಬಹುದು. ಅವರಿಗೂ ಎತ್ತಲಾಗದಿದ್ದರೆ ಕೀಲಿನಲ್ಲಿ ಅಥವಾ ಅದರ ಸುತ್ತ ತಡೆ ಇರಬಹುದು.

ನೀರಿನಿಂದಲೂ ಕೀಲು ಬಿಗಿಯುತ್ತದೆ!

ಕಡ್ಡಿರಾಂಪುರ, ಕಮಲಾಪುರದ ಮಕ್ಕಳಿಗೆ ಹಂಪಿಯ ಕಲ್ಲಿನ ರಥ ಗೊತ್ತು. ಅದರ ಗಾಲಿಗಳು ಹಿಂದೆ ತಿರುಗುತ್ತಿದ್ದವು ಎನ್ನುತ್ತಾರೆ; ಈಗ ತಿರುಗುವುದಿಲ್ಲ. ಮನುಷ್ಯರ ಬೆನ್ನು, ಕುತ್ತಿಗೆಗಳೂ ಹೀಗೆ ನಿಂತುಬಿಡುವ ಒಂದು ರೋಗವಿದೆ. ಅದೇ ಫ್ಲೋರೋಸಿಸ್.

ನಮ್ಮ ಸೀಮೆಯ ನೆಲದಡಿ ಗ್ರಾನೈಟ್ ಜಾತಿಯ ಬಂಡೆಗಳಿವೆ. ಇಂಥ ಬಂಡೆಗಳ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ಅದು ನಿಧಾನವಾಗಿ ಅಂತರ್ಜಲದಲ್ಲಿ ಕರಗುತ್ತದೆ. ಬಳ್ಳಾರಿ, ವಿಜಯನಗರ, ಕೊಪ್ಪಳ ಜಿಲ್ಲೆಗಳ ಹಲವು ಊರುಗಳ ಕೊಳವೆಬಾವಿಗಳಲ್ಲಿ ಅದು ಮಿತಿ ಮೀರಿದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಸಿಗದಿದ್ದರೆ 1.5 ಮಿಲಿಗ್ರಾಂವರೆಗೆ ಇರಬಹುದು ಎನ್ನುತ್ತದೆ ಭಾರತೀಯ ಮಾನಕ.

ಮಿತಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಫ್ಲೋರೈಡ್ ಮೂಳೆಯಲ್ಲಿ ಸೇರುತ್ತದೆ. ಮೂಳೆ ದಪ್ಪವಾಗುತ್ತದೆ, ಅಸ್ಥಿರಜ್ಜುಗಳೂ ಸುಣ್ಣಗಟ್ಟಿ ಗಟ್ಟಿಯಾಗುತ್ತವೆ. ಬೆನ್ನು ಬಾಗದು, ಕುತ್ತಿಗೆ ತಿರುಗದು. ಭಾರತದಲ್ಲಿ ಈ ರೋಗ ಮೊದಲು ವರದಿಯಾದದ್ದು 1937ರಲ್ಲಿ, ಈಗಿನ ಆಂಧ್ರಪ್ರದೇಶದ ನೆಲ್ಲೂರು ಸೀಮೆಯಿಂದ.

ಬಿಗಿದ ಬೆನ್ನನ್ನು ಮೊದಲಿನಂತೆ ಮಾಡುವ ಔಷಧಿಯಿಲ್ಲ. ಆದ್ದರಿಂದ ರೋಗ ಬಾರದಂತೆ ನೋಡಿಕೊಳ್ಳುವುದೇ ಮುಖ್ಯ. "ವಯಸ್ಸಾಯಿತು, ವಾತ ಹಿಡಿದಿದೆ" ಎಂದು ಸುಮ್ಮನಿದ್ದರೆ ಮನೆಯವರೆಲ್ಲ ಅದೇ ನೀರು ಕುಡಿಯುತ್ತಲೇ ಇರುತ್ತಾರೆ.

ಮಾಡಿ ನೋಡಿ

- ಮೊಣಕಾಲು ಮಡಚದೆ ಬಗ್ಗಿ ನೆಲದ ಮೇಲಿನ ನಾಣ್ಯ ಎತ್ತಿ.
- ಗದ್ದವನ್ನು ಎದೆಗೆ ಮುಟ್ಟಿಸಿ.
- ಎರಡೂ ಕೈಗಳನ್ನು ಚಾಚಿ, ಮಡಚಿ, ತಲೆಯ ಹಿಂಭಾಗ ಮುಟ್ಟಿ.

ಫ್ಲೋರೋಸಿಸ್ ಇದೆಯೇ ಎಂಬ ಸಂಶಯ ಬಂದಾಗ ಆರೋಗ್ಯ ಕಾರ್ಯಕರ್ತರು ಮಾಡಿಸುವ ಚಲನೆಗಳಿವು. ಆದರೆ ಇಷ್ಟರಿಂದಲೇ ರೋಗ ತೀರ್ಮಾನವಾಗದು. ಸಂಧಿವಾತ ಇದ್ದವರಿಗೂ ಇವು ಕಷ್ಟವಾಗಬಹುದು. ಅಜ್ಜ, ಅಜ್ಜಿಗೆ ನೋವಾದರೆ ಬಲವಂತ ಮಾಡಬೇಡಿ. ಯಾರದೇ ಆಗಲಿ, ಬಿಗಿದ ಕೀಲನ್ನು ಜಗ್ಗಬಾರದು.

ಮಕ್ಕಳಲ್ಲಿ ಮೊದಲ ಸುಳಿವು ಹಲ್ಲಿನಲ್ಲಿ ಸಿಗಬಹುದು. ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಮಚ್ಚೆ ಅಥವಾ ಉಜ್ಜಿದರೂ ಹೋಗದ ಕಂದು ಗೆರೆಗಳು ಕಂಡರೆ ಶಿಕ್ಷಕರಿಗೆ ತಿಳಿಸಿ.

ನಾವೇನು ಮಾಡಬಹುದು?

ಫ್ಲೋರೈಡಿಗೆ ಬಣ್ಣ, ವಾಸನೆ, ರುಚಿ ಇಲ್ಲ. ಕಣ್ಣಿಗೆ ತಿಳಿಯಾದ ನೀರಿನಲ್ಲೂ ಅದಿರಬಹುದು. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ! ಆದ್ದರಿಂದ ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಲು ಶಿಕ್ಷಕರ ಮೂಲಕ ಪಂಚಾಯಿತಿಯವರನ್ನು ಕೇಳಿ. ಮಿತಿ ಮೀರಿದ್ದರೆ ಕುಡಿಯಲು, ಅಡುಗೆಗೆ ಶುದ್ಧೀಕರಿಸಿದ ನದಿ ನೀರು, ಸ್ವಚ್ಛವಾಗಿ ಸಂಗ್ರಹಿಸಿದ ಮಳೆನೀರು ಅಥವಾ ಶುದ್ಧ ನೀರಿನ ಘಟಕದ ನೀರು ಬಳಸಬೇಕು. ಆ ಕೊಳವೆಬಾವಿಯ ನೀರು ಬಟ್ಟೆ ಒಗೆಯಲು ಸಾಕು. ರಾಗಿ, ಹಾಲು, ನುಗ್ಗೆಸೊಪ್ಪು ಮೂಳೆಗೆ ಒಳ್ಳೆಯದು. ಆದರೆ ಅವು ಒಳ್ಳೆಯ ನೀರಿಗೆ ಬದಲಿಯಲ್ಲ.

ಕೀಲು ಕೆಂಪಾಗಿ, ಬಿಸಿಯಾಗಿ ಊದಿಕೊಂಡು ಜ್ವರವೂ ಇದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಯೋಚಿಸಿ: ನಿಮ್ಮ ಮನೆಯ ಕುಡಿಯುವ ನೀರು ಎಲ್ಲಿಂದ ಬರುತ್ತದೆ? ಕೊನೆಯ ಬಾರಿ ಅದನ್ನು ಪರೀಕ್ಷಿಸಿದ್ದು ಯಾವಾಗ? ವಿಚಾರಿಸಿ ಬರೆಯಿರಿ.